ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್: ಘಟ್ಟ, ಕರಾವಳಿ ಎರಡೂ ಕಡೆ ಓಡುವ ಕಾರಿಗೆ ಯಾವಾಗ ಬೇಕು?

ಬಳಕೆ: ಸಣ್ಣ ಹ್ಯಾಚ್‌ಬ್ಯಾಕ್, 4 ವರ್ಷ. ಹೆಚ್ಚಿನ ಓಟ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಕಾರವಾರ. ಕಂಪ್ಯೂಟರ್ ಅಲೈನ್‌ಮೆಂಟಿಗೆ (ಚಕ್ರಗಳ ಕೋನ ಅಳೆದು ಸರಿಪಡಿಸುವುದಕ್ಕೆ) ಕೊಟ್ಟ ದುಡ್ಡು ಟೈರಿನ ಆಯುಷ್ಯದಲ್ಲಿ ವಾಪಸ್ ಬರುತ್ತದೆ. ಆದರೆ ಸರಿಯಾದ ಹೊತ್ತಿಗೆ ಮಾಡಿಸಬೇಕು.

ವೇಗ ಗಂಟೆಗೆ 80 ಕಿ.ಮೀ. ದಾಟಿದ ಮೇಲೆ ಸ್ಟೀರಿಂಗ್ ನಡುಗಿದರೆ ಮೊದಲ ಅನುಮಾನ ಬ್ಯಾಲೆನ್ಸಿಂಗ್ ಮೇಲೆ, ಅಂದರೆ ರಿಮ್ಮಿಗೆ ಸಣ್ಣ ತೂಕದ ತುಂಡು ಹಚ್ಚಿ ಚಕ್ರದ ಭಾರ ಸುತ್ತಲೂ ಸಮ ಮಾಡುವ ಕೆಲಸದ ಮೇಲೆ. ಘಟ್ಟದ 40ರ ವೇಗದಲ್ಲಿ ಇದು ಗೊತ್ತೇ ಆಗುವುದಿಲ್ಲ, 66ನೇ ಹೆದ್ದಾರಿಗೆ ಬಂದ ಮೇಲೆಯೇ ಕೈಗೆ ತಿಳಿಯುವುದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ.

ಗಾಡಿ ಒಂದು ಕಡೆ ಎಳೆದರೆ ಮೊದಲು ಗಾಳಿ ಸರಿಮಾಡಿ. ಆಮೇಲೂ ಎಳೆದರೆ ಅಲೈನ್‌ಮೆಂಟ್. ಟೈರಿನ ಮೇಲೆ ಅಂಗೈಯನ್ನು ಅಡ್ಡಕ್ಕೆ ಸವರಿ: ಹೋಗುವಾಗ ನುಣುಪು, ಬರುವಾಗ ಗರಗಸದ ಹಲ್ಲಿನ ಹಾಗೆ ತರಚಿದರೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಮಾತ್ರ ಬಹುತೇಕ ಸಣ್ಣ ಕಾರುಗಳಲ್ಲಿ ತಿರುಗಿಸಿ ಸರಿಪಡಿಸುವಂಥದ್ದಲ್ಲ. ಅದಕ್ಕೂ ಬಿಲ್ ಹಾಕಿದರೆ ಯಾವ ಬೋಲ್ಟ್ ತಿರುಗಿಸಿದಿರಿ ಎಂದು ಕೇಳಲೇಬೇಕು.

10,000 ಕಿ.ಮೀ.ಗೊಮ್ಮೆ ಎಂಬ ಲೆಕ್ಕ ಸರಿಯೇ. ಆದರೂ ನಮ್ಮ ಕಡೆ ನವರಾತ್ರಿಯ ಹೊತ್ತಿಗೆ, ಮಳೆ ಹಿಡಿತ ಬಿಟ್ಟ ಮೇಲೆ ಮಾಡಿಸುವುದೇ ಲೇಸು. ಮೇ ಕೊನೆಗೆ ಮಾಡಿಸಿದ್ದು ನೀರು ತುಂಬಿದ ಹೊಂಡಗಳಲ್ಲಿ ಎರಡೇ ತಿಂಗಳಿಗೆ ಕೆಡಬಹುದು. ಹೊಂಡಕ್ಕೆ ಜೋರಾಗಿ ಬಿದ್ದರೆ, ಟೈ ರಾಡ್ ಎಂಡ್ (ಸ್ಟೀರಿಂಗಿನ ಸರಳನ್ನು ಚಕ್ರಕ್ಕೆ ಜೋಡಿಸುವ ಕೀಲು) ಬದಲಿಸಿದರೆ ಕಾಯಬೇಡಿ.

ಅಲೈನ್‌ಮೆಂಟಿಗೆ ಹೋಗುವ ಮೊದಲು ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ ಅಲುಗಾಡಿಸಿ. ಎಡಬಲ ಹಿಡಿದಾಗ ಆಟ ಇದ್ದರೆ ಟೈ ರಾಡ್ ಎಂಡ್, ಮೇಲೆ ಕೆಳಗೆ ಹಿಡಿದಾಗ ಇದ್ದರೆ ಬಾಲ್ ಜಾಯಿಂಟ್ (ಸಸ್ಪೆನ್ಷನ್ನಿನ ಕೀಲು) ಅಥವಾ ಬೇರಿಂಗ್. ಇವು ಸಡಿಲ ಇರುವಾಗ ಮಾಡಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

ಕರಾವಳಿಯಲ್ಲಿ ಉಪ್ಪುಗಾಳಿಗೆ ಟೈ ರಾಡಿನ ಲಾಕ್ ನಟ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಆಗ ಕೆಲವರು ಸುಲಭಕ್ಕೆ ಬಿಡುವ ಒಂದೇ ಬದಿ ತಿರುಗಿಸಿ ಒಟ್ಟು ಟೋ ಸರಿ ತೋರಿಸಿಬಿಡುತ್ತಾರೆ. ಸ್ಟೀರಿಂಗ್ ಮಾತ್ರ ಸೊಟ್ಟ ನಿಲ್ಲುತ್ತದೆ. ಹಿಂದಿನ ದಿನವೇ ಎರಡೂ ನಟ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಮುಂಚಿನ, ನಂತರದ ಎರಡೂ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ.

ಬ್ಯಾಲೆನ್ಸಿಂಗಿನಲ್ಲಿ ಹೆಚ್ಚಾಗಿ ಆಗುವ ತಪ್ಪು ಕೆಂಪು ಮಣ್ಣಿನದ್ದು. ರಿಮ್ಮಿನ ಒಳಬದಿಗೆ ಮೆತ್ತಿ ಒಣಗಿದ ಮಣ್ಣಿನ ಹೆಂಟೆ ಬಿಡಿಸದೆ ಯಂತ್ರಕ್ಕೆ ಹಾಕಿದರೆ, ಯಂತ್ರ ಆ ಹೆಂಟೆಯನ್ನೂ ತೂಗುತ್ತದೆ. ಮರುದಿನ ಅದು ಉದುರಿದಾಗ ನಡುಕ ಮತ್ತೆ ಶುರು. 5, 10 ಗ್ರಾಂ ಸೀಸದ ತುಂಡಿನ ವ್ಯತ್ಯಾಸವೇ ಇಲ್ಲಿ ದೊಡ್ಡದು, ಹಾಗಾಗಿ ಒಳಬದಿ ತೊಳೆಸಿ, ಹಳೆಯ ತೂಕ ಕಿತ್ತು, ಯಂತ್ರದಲ್ಲಿ ಎರಡೂ ಬದಿಗೆ ಸೊನ್ನೆ ಬಂದದ್ದನ್ನು ನಿಂತು ನೋಡಿ. ಪಂಕ್ಚರ್‌ಗೆ ಟೈರು ಬಿಚ್ಚುವ ಮುನ್ನ ವಾಲ್ವ್ ಎದುರಿಗೆ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿಸಿ, ಕೂರಿಸುವಾಗ ಅದೇ ಜಾಗಕ್ಕೆ ಬರಲಿ.