ವೆಬ್‌ಒಡಿಎಂ ರಿವ್ಯೂ: ನಮ್ಮ ತೋಟ, ಬೆಟ್ಟದ ಮ್ಯಾಪ್ ಮನೇಲೇ ಮಾಡಿದ್ದು

ನಮ್ಮನೆ ತೋಟದ ಮೇಲ್ಗಡೆ ಧರೆ, ಅಂದ್ರೆ ಕಡಿದಾದ ಮಣ್ಣಿನ ದಂಡೆ, ಮೂರು ಮಳೆಗಾಲದಿಂದ ಒಂದೇ ಜಾಗದಲ್ಲಿ ಕುಸೀತಾ ಇತ್ತು. ಆರಿದ್ರಾ ಮಳೆ ಹಿಡೀತು ಅಂದ್ರೆ ಬೆಟ್ಟದಿಂದ ಕೆಂಪು ನೀರು ನುಗ್ಗಿ ಮೇಲಿನ ಬಣ್ಣದ (ಅಡಕೆ ಸಾಲಿನ ಪಟ್ಟಿ) ಕಾದಿಗೆ, ಅಂದ್ರೆ ನೀರು ಹೋಗೋ ಕಾಲುವೆ, ಪೂರಾ ಮಣ್ಣು ತುಂಬ್ಕೊಂಡು, ಅಡಕೆ ಮರದ ಬುಡದಲ್ಲಿ ನೀರು ನಿಂತು, ಹೋದ ವರ್ಷ 11 ಮರ ಹೋದ್ವು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದಿದ್ದು ನೋಡಿದ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ರಾತ್ರಿ ಧರೆ ಕಡೆಯಿಂದ ಸದ್ದು ಬಂದ್ರೆ ನಿದ್ದೆ ಹತ್ತೋದಿಲ್ಲ. ಬೆಟ್ಟದ ನೀರೆಲ್ಲಾ ಆ ಒಂದೇ ಜಾಗಕ್ಕೆ ಯಾಕೆ ಬರ್ತದೆ ಅಂತ ತಿಳ್ಕೊಳ್ಳೋದಷ್ಟೇ ನನಗೆ ಬೇಕಾಗಿದ್ದು.

ಮೊದಲು ಒಂದು ಕಡೆ ದುಡ್ಡು ಕೊಟ್ಟು ಡ್ರೋನ್ ಸರ್ವೆ ಮಾಡಿಸಿದ್ವಿ. ಅವರು ಕೊಟ್ಟಿದ್ದು ಚಂದದ ಒಂದು ಪಿಡಿಎಫ್ ಚಿತ್ರ, ಅದರಲ್ಲಿ ಎತ್ತರದ ಲೆಕ್ಕನೇ ಇಲ್ಲ, ಮೂಲ ಫೋಟೋ ಕೊಡಿ ಅಂದ್ರೆ ಅದೂ ಇಲ್ಲ. ಆಮೇಲೆ ನಾನೇ ಹುಡುಕ್ತಾ ಹೋಗಿ, ಡ್ರೋನ್ ಫೋಟೋದಿಂದ ಮ್ಯಾಪ್ ಮಾಡೋ ವೆಬ್‌ಒಡಿಎಂ ಹಾಕ್ಕೊಂಡೆ. ಎಂಟು ತಿಂಗಳು ಬಳಸಿ ಈಗ ಬರೀತಾ ಇದ್ದೀನಿ.

ಇದು ಓಪನ್ ಸೋರ್ಸ್ ಸಾಫ್ಟ್‌ವೇರ್, ಒಳಗೆ ಕೆಲಸ ಮಾಡೋದು ಓಪನ್‌ಡ್ರೋನ್‌ಮ್ಯಾಪ್ ಅನ್ನೋ ಇಂಜಿನ್. ಮೇಲಿಂದ ಒಂದರ ಮೇಲೊಂದು ಬೀಳೋ ಹಾಗೆ ತೆಗೆದ ಫೋಟೋ ಕೊಟ್ರೆ, ಒಂದೇ ಕಲ್ಲು, ಒಂದೇ ಟೊಂಗೆ ಬೇರೆಬೇರೆ ಫೋಟೋದಲ್ಲಿ ಎಲ್ಲೆಲ್ಲಿ ಕಾಣ್ತದೆ ಅಂತ ತಾನೇ ಹೊಂದಿಸಿ, ಅದರಿಂದ ಎತ್ತರ ಲೆಕ್ಕ ಹಾಕ್ತದೆ. ಕೊನೆಗೆ ಸಿಗೋದು ಇಡೀ ಜಾಗದ ಒಂದು ನೇರ ನಕ್ಷೆ, ಎತ್ತರದ ಮಾಡೆಲ್, ತಿರುಗಿಸಿ ತಿರುಗಿಸಿ ನೋಡೋಕೆ ತ್ರೀಡಿ. ವಿಂಡೋಸಿಗೆ ರೆಡಿ ಇನ್‌ಸ್ಟಾಲರ್ ಬೇಕಂದ್ರೆ ದುಡ್ಡು ಕೊಡ್ಬೇಕು, ಡಾಕರ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಮೂಲಕ ಹಾಕಿದ್ರೆ ಪೂರ್ತಿ ಫ್ರೀ. ಡೌನ್‌ಲೋಡ್ ಹಲವು ಜಿಬಿ ಇದೆ, ನಮ್ಮೂರ ನೆಟ್ಟಿಗೆ ಆಗೋದಲ್ಲ, ಶಿರಸಿ ಪೇಟೆಯಲ್ಲಿ ಗೆಳೆಯನ ಮನೇಲಿ ಕೂತು ಮಾಡಿದೆ. ಒಮ್ಮೆ ಹಾಕಿದ ಮೇಲೆ ನೆಟ್ ಬೇಡ, ಲ್ಯಾಪ್‌ಟಾಪಲ್ಲೇ ಬ್ರೌಸರ್ ತೆಗೆದು ಕೆಲಸ ಮಾಡೋದು.

ಡ್ರೋನ್ ಗೆಳೆಯಂದೇ, 250 ಗ್ರಾಂ ಒಳಗಿನ ಚಿಕ್ಕದು. 2021ರ ಡ್ರೋನ್ ನಿಯಮದ ಪ್ರಕಾರ ಈ ನ್ಯಾನೋ ವರ್ಗಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ, ಆದ್ರೆ ಎಲ್ಲಿ ಬೇಕಾದ್ರೂ ಹಾರಿಸಬಹುದು ಅಂತಲ್ಲ. ಸರ್ಕಾರದ ಡ್ರೋನ್ ವೆಬ್‌ಸೈಟ್ ಡಿಜಿಟಲ್ ಸ್ಕೈ ನಕ್ಷೆ ತೆಗೆದು ನಮ್ಮ ಜಾಗ, ಮುಂಚೆ ಅನುಮತಿ ಬೇಡದ ಹಸಿರು ವಲಯದಲ್ಲಿದೆ ಅಂತ ನೋಡ್ಕೊಂಡೇ ಹಾರಿಸಿದ್ದು. ಕಾರವಾರ ಕಡೆಯವರು ದಯವಿಟ್ಟು ಇದನ್ನ ಮೊದಲು ನೋಡಿ, ಅಲ್ಲಿ ಕದಂಬ ನೌಕಾನೆಲೆ ಇದೆ, ಕೈಗಾ ಇದೆ, ಸುಮ್ನೆ ಬೀಚ್ ಫೋಟೋ ಅಂತ ಹಾರಿಸಿ ತೊಂದರೆ ತಗೊಳ್ಳಬೇಡಿ. ಅಕ್ಕಪಕ್ಕದ ಮನೆಯವರಿಗೂ ಮುಂಚೆ ಹೇಳಿಬಿಡಿ, ಅವರ ಅಂಗಳದ ಮೇಲೂ ಹೋಗ್ತದಲ್ಲ.

ಮೊದಲ ಸಲ ಮನೆ ಅಂಗಳದಿಂದ ಎತ್ತಿ 80 ಮೀಟರಲ್ಲಿ ಸಾಲು ಸಾಲಾಗಿ ಹಾರಿಸಿದೆ, ತೋಟ ಬೆಟ್ಟ ಸೇರಿ ಹತ್ತಿರ ಹತ್ತಿರ 14 ಎಕರೆ, 212 ಫೋಟೋ. ತೋಟದ ಭಾಗ ಚೆನ್ನಾಗಿ ಬಂತು, ಬೆಟ್ಟದ ನೆತ್ತಿ ಮಾತ್ರ ಹರಿದ ಕಂಬಳಿ ಹಾಗೆ ತೂತು ತೂತು. ಎರಡು ದಿನ ಸೆಟ್ಟಿಂಗ್ ಬದಲಾಯಿಸಿ ಬದಲಾಯಿಸಿ ನೋಡಿದೆ, ಆಮೇಲೆ ಹೊಳೀತು. ಡ್ರೋನ್ ತೋರಿಸೋ 80 ಮೀಟರ್ ಅಂಗಳದಿಂದ ಲೆಕ್ಕ, ಬೆಟ್ಟದ ನೆತ್ತಿ ಅಂಗಳಕ್ಕಿಂತ 35 ಮೀಟರ್ ಮೇಲಿದೆ, ಅದರ ಮೇಲೆ ಮತ್ತಿ, ಹೊನ್ನೆ ಮರ, ಅಲ್ಲಿಗೆ ಮರದ ತಲೆಗೂ ಡ್ರೋನಿಗೂ ನಡುವೆ ಉಳಿದಿದ್ದು 25-30 ಮೀಟರ್ ಅಷ್ಟೇ. ಹತ್ತಿರದಿಂದ ತೆಗೆದಾಗ ಒಂದೊಂದು ಫೋಟೋದಲ್ಲಿ ಸ್ವಲ್ಪ ಸ್ವಲ್ಪ ಜಾಗ ಬೀಳ್ತದೆ, ಒಂದಕ್ಕೊಂದು ಕೂಡಿಕೊಳ್ಳೋದಿಲ್ಲ. ಎರಡನೇ ಸಲ ಬೆಟ್ಟದ ಮೇಲಿನ ಬೇಣಕ್ಕೇ (ಹುಲ್ಲುಗಾವಲು) ಹೋಗಿ ಅಲ್ಲಿಂದ 75 ಮೀಟರ್ ಎತ್ತಿದೆ, ಫೋಟೋ ಸಾಲಲ್ಲಿ 80 ಪರ್ಸೆಂಟ್, ಪಕ್ಕದ ಸಾಲಿಗೆ 70 ಪರ್ಸೆಂಟ್ ಒಂದರ ಮೇಲೊಂದು ಬೀಳೋ ಹಾಗೆ ನೋಡ್ಕೊಂಡೆ, ತೂತು ಮುಚ್ಚಿತು. ಘಟ್ಟದ ಜಾಗದಲ್ಲಿ ಮಾಡೋರಿಗೆ ನಾನು ಹೇಳೋ ಅತಿ ಮುಖ್ಯ ಮಾತು ಇದೇ, ಎತ್ತರದ ಜಾಗದಿಂದಲೇ ಎತ್ತಿ.

ಲ್ಯಾಪ್‌ಟಾಪ್ ವಿಷಯ. 8 ಜಿಬಿ ರ್‍ಯಾಮಲ್ಲಿ ಅರ್ಧಕ್ಕೇ ನಿಂತುಹೋಯ್ತು, ಮೆಮೊರಿ ಸಾಲದು ಅಂತ. 16 ಮಾಡಿಸಿದ ಮೇಲೆ ಇಷ್ಟೇ ಫೋಟೋಗೆ ಎರಡೂವರೆ ತಾಸು. ಹಾರ್ಡ್ ಡಿಸ್ಕಲ್ಲೂ ತುಂಬಾ ಜಾಗ ತಿಂತದೆ. ಆದ್ರೆ ಮಧ್ಯ ಕರೆಂಟ್ ಹೋದ್ರೆ ಮೊದಲಿಂದ ಶುರು ಮಾಡ್ಬೇಕಿಲ್ಲ, ಯಾವ ಹಂತದಲ್ಲಿ ನಿಂತಿತ್ತೋ ಅಲ್ಲಿಂದ ರೀಸ್ಟಾರ್ಟ್ ಮಾಡೋ ಆಪ್ಷನ್ ಇದೆ, ಏಪ್ರಿಲ್ ಗುಡುಗು ಮಳೆಯಲ್ಲಿ ಇದು ನನ್ನನ್ನ ಎರಡು ಸಲ ಉಳಿಸ್ತು.

ಇನ್ನು ಇದರಿಂದ ಆಗದೇ ಇರೋದನ್ನೂ ಸರಿಯಾಗಿ ಹೇಳ್ಬೇಕು. ನೆಲದ ಎತ್ತರ ಕೊಡು ಅಂತ ಡಿಟಿಎಂ ಆಯ್ಕೆ ಹಾಕಿದ್ರೂ ಅಡಕೆ ತೋಟದ ಒಳಗಿನ ನೆಲ ಸಿಗೋದಿಲ್ಲ. ಕ್ಯಾಮರಾಕ್ಕೆ ಕಾಣೋದು ಅಡಕೆ ಹೆಡೆ (ಗರಿ) ಅಷ್ಟೇ, ಕಾಣದ ನೆಲವನ್ನ ಅದು ಆಚೀಚಿನ ನೆಲ ನೋಡಿ ಅಂದಾಜಲ್ಲಿ ತುಂಬಿಸ್ತದೆ. ಮರದ ಸಂದಿಯಿಂದ ನೆಲ ಮುಟ್ಟೋಕೆ ಲೇಸರ್ ಬೆಳಕಲ್ಲಿ ಅಳೆಯೋ ಲೈಡಾರ್ ಬೇಕು, ಅದು ನಮ್ಮ ಬಜೆಟ್ಟಿನ ಮಾತಲ್ಲ. ಕಾದಿಗೆ ಮಟ್ಟ ನೋಡೋಕೆ ಇದನ್ನ ನಂಬಬೇಡಿ, ನೀರು ತುಂಬಿದ ಪೈಪ್ ಹಿಡಿದು ನೋಡೋ ಹಳೇ ಕ್ರಮವೇ ಸರಿ. ಬೆಟ್ಟದಲ್ಲಿ ಮಾತ್ರ ಚೆನ್ನಾಗಿ ಬಂತು, ಯಾಕಂದ್ರೆ ನಾನು ಹಾರಿಸೋ ಹೊತ್ತಿಗೆ ಸೊಪ್ಪು ಕಡಿದು, ದರಕು (ಒಣಗಿದ ಎಲೆ) ಗುಡಿಸಿ ಆಗಿತ್ತು, ನೆಲ ಬಿಚ್ಚಿಕೊಂಡಿತ್ತು.

ಆ ಎತ್ತರದ ಫೈಲನ್ನ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ಗೆ ಹಾಕಿ, ಅದೂ ಫ್ರೀನೇ, ಬಿಸಿಲು ಓರೆಯಾಗಿ ಬಿದ್ದ ಹಾಗೆ ನೆರಳು ತೋರಿಸೋ ಹಿಲ್‌ಶೇಡ್ ಮಾಡಿದೆ. ಬೆಟ್ಟದ ಅಡ್ಡಕ್ಕೆ ತೆಳುವಾದ ಒಂದು ಗೆರೆ. ಫೋಟೋದಲ್ಲಿ ಅದು ಕಾಣೋದೇ ಇಲ್ಲ, ನಡ್ಕೊಂಡು ಹೋದ್ರೂ ಗೊತ್ತಾಗಲ್ಲ, ಒಂದು ಗೇಣು ತಗ್ಗು ಇರಬಹುದು. ಒಂದೊಂದು ಮೀಟರಿಗೆ ಕಾಂಟೂರ್, ಅಂದ್ರೆ ಒಂದೇ ಎತ್ತರದ ಜಾಗ ಕೂಡಿಸೋ ಗೆರೆ, ಎಳೆದು ನೋಡಿದ್ರೆ ಪ್ರತಿ ಕಾಂಟೂರೂ ಆ ಗೆರೆ ಹತ್ರ ಬಂದು ಚೂರು ಬಾಗ್ತದೆ, ಗೆರೆ ನಿಧಾನ ಇಳಿದು ಇಳಿದು ಸೀದಾ ಧರೆ ಕುಸಿಯೋ ಜಾಗದ ತಲೆಗೇ ಬಂದು ನಿಲ್ತದೆ. ಅಪ್ಪಯ್ಯನ ಕರೆದು ತೋರಿಸಿದೆ. ಕನ್ನಡಕ ಹಾಕ್ಕೊಂಡು ಬೆರಳಲ್ಲಿ ಗೆರೆ ಹಿಡಿದು ಮೇಲಿಂದ ಕೆಳಗೆ ಬಂದ್ರು. "ಇದು ಹಳೇ ಗಾಡಿ ದಾರಿ ಅಲ್ದನಾ ತಮಾ, ಅಜ್ಜನ ಕಾಲದಾಗೆ ಇಲ್ಲಾಗೇ ಸೊಪ್ಪಿನ ಗಾಡಿ ಬತ್ತಿತ್ತು" ಅಂದ್ರು. ನಲವತ್ತು ವರ್ಷದಿಂದ ಯಾರೂ ಓಡಾಡದ ದಾರಿ ಅರ್ಧ ಬೆಟ್ಟದ ನೀರನ್ನ ಒಟ್ಟುಮಾಡಿ ತಂದು ಕೊಡ್ತಾ ಇತ್ತು.

ಬೆಟ್ಟ ಅರಣ್ಯ ಇಲಾಖೆದು, ನಮಗಿರೋದು ಸೊಪ್ಪಿನ ಹಕ್ಕು, ಹಾಗಾಗಿ ಜೆಸಿಬಿ ಮಾತೇ ಎತ್ತಲಿಲ್ಲ. ದಾರಿಗೆ ಅಡ್ಡವಾಗಿ ಐದು ಕಡೆ ಅಲ್ಲೇ ಬಿದ್ದಿದ್ದ ಕಲ್ಲು ಸಾಲಿಟ್ಟು ನೀರು ಪಕ್ಕಕ್ಕೆ ಚದುರೋ ಹಾಗೆ ಮಾಡಿದ್ವಿ, ತೋಟದಂಚಿನ ಅಗಳದ (ಕಂದಕ) ಹೂಳೆತ್ತಿದ್ವಿ. ಈ ಸಲ ಪುನರ್ವಸು ಮಳೆ ಒಂದು ವಾರ ಬಿಡದೇ ಹೊಡೀತು, ಧರೆ ನಿಂತಿದೆ.

ಅಳತೆ ಎಷ್ಟು ಸರಿ ಅಂತ ಕೇಳೋರಿಗೆ: ಕೊಟ್ಟಿಗೆಯ ಮಾಡಿನ (ಸೂರು) ಅಳತೆ ಟೇಪಲ್ಲಿ 42 ಅಡಿ, ಮ್ಯಾಪಲ್ಲಿ 41 ಅಡಿ 8 ಇಂಚು. ಆದ್ರೆ ಇಡೀ ಮ್ಯಾಪ್ ಗೂಗಲ್ ಚಿತ್ರದ ಮೇಲಿಟ್ರೆ ಎರಡು ಮೀಟರ್ ಆಚೆ ಜರುಗಿದೆ, ಚಿಕ್ಕ ಡ್ರೋನಿನ ಜಿಪಿಎಸ್ ಅಷ್ಟೇ. ನೆಲದಲ್ಲಿ ಗುರುತು ಹಾಕಿ ಒಳ್ಳೆ ಜಿಪಿಎಸ್ಸಲ್ಲಿ ಅಳೆದು ಕೊಟ್ರೆ ಸರಿಯಾಗ್ತದೆ, ಫೋನಿನ ಜಿಪಿಎಸ್ ಅದಕ್ಕೆ ಆಗೋದಿಲ್ಲ. ಗಡಿ ತಕರಾರಿಗೆ ಇದನ್ನ ಹಿಡ್ಕೊಂಡು ಹೋಗಬೇಡಿ, ಅದಕ್ಕೆ ಸರ್ವೆ ಇಲಾಖೆಯವರೇ ಬರ್ಬೇಕು.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಕಳೆದ ಅರ್ಧ ಇನ್‌ಸ್ಟಾಲ್ ಕಷ್ಟಕ್ಕೆ, ಕಂಪ್ಯೂಟರ್ ಅಭ್ಯಾಸ ಇಲ್ಲದೋರಿಗೆ ಆ ಹಂತದಲ್ಲಿ ಯಾರಾದ್ರೂ ಜೊತೆಗಿರಬೇಕು. ಮೂಲ ಫೋಟೋ ಎಲ್ಲಾ ತಾರೀಕು ಹಾಕಿ ಇಟ್ಕೊಂಡಿದ್ದೀನಿ. ಬರೋ ಏಪ್ರಿಲಲ್ಲಿ ದರಕು ಗುಡಿಸಿದ ಮೇಲೆ ಅದೇ ಬೇಣದಿಂದ ಮತ್ತೆ ಹಾರಿಸಿ, ಎರಡೂ ವರ್ಷದ ಮಾಡೆಲ್ ಒಂದರ ಮೇಲೊಂದು ಇಟ್ಟು, ಕಲ್ಲಿನ ಸಾಲಿನ ಹಿಂದೆ ಮಣ್ಣು ನಿಂತಿದೆಯಾ ಅಂತ ನೋಡ್ತೀನಿ.