ರಾಗಿ ಹೊಲಕ್ಕೆ ಯಾವ ಮಷಿನ್: ಟೈರ್‌ದಾ, ಚೈನ್‌ದಾ, ಟ್ರಾಕ್ಟರ್ ಮೇಲೆ ಕೂರಿಸಿದ್ದಾ?

ಗುಬ್ಬಿ ಕಡೆ ನಮ್ದು ರಾಗಿ ಹೊಲ. ನಮ್ಮ ಭಾಗ, ಅಣ್ಣನ ಭಾಗ, ಬೇರೆಯೋರ ಹೊಲ ವಾರಕ್ಕೆ (ಬೆಳೆ ಪಾಲಿಗೆ) ಮಾಡೋದು ಎಲ್ಲಾ ಸೇರಿದ್ರೆ 15 ಎಕರೆ ಹತ್ರ ಬರುತ್ತೆ, ಆದ್ರೆ ಒಂದೇ ಕಡೆ ಇಲ್ಲ, ಅರ್ಧ ಎಕರೆ ಇಲ್ಲಿ ಎರಡು ಎಕರೆ ಅಲ್ಲಿ ಅಂತ ತುಂಡು ತುಂಡು. ಕುಯ್ಯೋಕೆ ಆಳು ಸಿಗಲ್ಲ, ಸಿಕ್ಕಿದ್ರೂ ಕೂಲಿ ಗಿಟ್ಟಲ್ಲ. ಸ್ವಂತಕ್ಕೊಂದು ಕಟಾವು ಮಷಿನ್ ತಗೊಳೋದಾ, ಇಲ್ಲ ಟ್ರಾಕ್ಟರ್ ಒಂದು ತಗೊಂಡು ಮಷಿನ್ ಬಾಡಿಗೆಗೆ ಕರೆಸೋದಾ ಅಂತ ಮನೇಲಿ ಮಾತು ನಡೀತಾನೇ ಇತ್ತು, ಅದಕ್ಕೆ ಈ ಸುಗ್ಗೀಲಿ ಮೂರೂ ಥರದ ಮಷಿನ್ ನಮ್ಮ ಹೊಲಕ್ಕೇ ಇಳಿಸಿ ನೋಡಿದ್ವಿ.

ಮೊದ್ಲು ಟೈರ್ ಮಷಿನ್. ಮುಂದೆ ಬೆಳೆ ಕತ್ತರಿಸೋ ಪಟ್ಟಿ, ಅಂದ್ರೆ ಕಟರ್ ಬಾರ್, 14 ಅಡಿ, 100 ಎಚ್‌ಪಿ ಆಸುಪಾಸಿನ ಎಂಜಿನ್, ಕರ್ತಾರ್ ಪ್ರೀತ್ ದಶಮೇಶ್ ಅಂತ ಪಂಜಾಬ್ ಕಡೆಯಿಂದ ಬರ್ತವಲ್ಲ ಆ ಸೈಜು. ಎರಡು ಎಕರೆ ಹೊಲದಲ್ಲಿ ಬೆಳೆ ನೆಟ್ಟಗೆ ನಿಂತಿದ್ದ ಕಡೆ ಇದರ ಮುಂದೆ ಯಾವ್ದೂ ಇಲ್ಲ, ನಾವು ಟಾರ್ಪಾಲ್ ಹಾಸೋಷ್ಟರಲ್ಲಿ ಟ್ಯಾಂಕ್ ತುಂಬ್ಕೊಂಡು ಬಂದು ನಿಂತಿತ್ತು. ಒಳ್ಳೇದು ಇನ್ನೊಂದಿದೆ, ಒಳಗಡೆ ಹುಲ್ಲನ್ನ ವಾಕರ್ ಅನ್ನೋ ಅಲುಗಾಡೋ ಪಟ್ಟಿಗಳ ಮೇಲೆ ಕುಲುಕಿ ಹಿಂದಕ್ಕೆ ಬಿಡುತ್ತೆ, ಅದಕ್ಕೆ ಹುಲ್ಲು ಸ್ವಲ್ಪ ಉದ್ದವಾಗೇ ಬೀಳುತ್ತೆ. ಆದ್ರೆ ಅರ್ಧ ಎಕರೆ ತುಂಡುಗಳಿಗೆ ಬಂದ್ರೆ ಬದು ಒಡೀಬೇಕು, ಬದುವಿನ ಮೇಲಿರೋ ತೆಂಗಿನ ಮರ ಅಡ್ಡ ಬರುತ್ತೆ, ಮೂಲೆ ಮೂಲೇಲಿ ಉಳಿದಿದ್ದನ್ನ ನಾವೇ ಕುಡುಗೋಲು ಹಿಡ್ಕೊಂಡು ಕುಯ್ಯಬೇಕಾಯ್ತು. ಮಳೆಗೆ ಮಲಗಿದ್ದ ರಾಗಿಯಂತೂ ಅಷ್ಟಗಲದ ಬಾರ್‌ಗೆ ಪೂರ್ತಿ ಸಿಗಲೇ ಇಲ್ಲ, ತೆನೆ ನೆಲದಲ್ಲೇ ಉಳೀತು.

ಚೈನ್ ಮಷಿನ್ ಅಂದ್ರೆ ರಬ್ಬರ್ ಬೆಲ್ಟ್ ಮೇಲೆ ಹೋಗೋದು. ಕುಬೋಟಾ ಡಿಸಿ-68ಜಿ, ಕ್ಲಾಸ್ ಕ್ರಾಪ್ ಟೈಗರ್ ಚೈನ್ ಮಾದರಿ ಇವೆಲ್ಲ ಈ ಜಾತಿ, 60ರಿಂದ 70 ಎಚ್‌ಪಿ, ಬಾರ್ 7 ಅಡಿ ಅಷ್ಟೆ. ನಿಧಾನ ಅನ್ಸುತ್ತೆ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಡೋವಾಗ ಅದು ಎದೆಗೆ ಹತ್ತುತ್ತೆ. ಆದ್ರೆ ಕಾಲಿಟ್ರೆ ಅಂಟೋ ಹಸಿ ನೆಲದಲ್ಲೂ ಹೂತ್ಕೊಳ್ಳದೆ ಓಡಾಡ್ತು, ನಿಂತ ಜಾಗದಲ್ಲೇ ತಿರುಗುತ್ತೆ, ಮಲಗಿದ ಬೆಳೆಗೆ ರೀಲ್ (ಮುಂದೆ ತಿರುಗ್ತಾ ಬೆಳೆ ಎಳ್ಕೊಳೋ ಚಕ್ರ) ಇಳಿಸಿ, ಬೆಳೆ ಯಾವ ಕಡೆಗೆ ವಾಲಿದೆಯೋ ಅದರ ಎದುರಿಂದ ಹೋದಾಗ ಬುಡದಿಂದಲೇ ಎತ್ಕೊಂತು. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿ ಕಡೆಯಿಂದ ಮಳೆ ಬರದೇ ಇರೋ ವರ್ಷ ನಮ್ಮಲ್ಲಿ ಕಡಿಮೆ, ಎಂಆರ್-6 ಥರ ಎತ್ತರ ಬೆಳೆಯೋ ತಳಿ ಹಾಕಿದೋರಿಗೆ ಇದೊಂದೇ ಸಾಕು ಚೈನ್ ಮಷಿನ್ ಕಡೆ ವಾಲೋಕೆ. ಕಷ್ಟ ಏನಂದ್ರೆ ರೋಡಲ್ಲಿ ಓಡಿಸಂಗಿಲ್ಲ, ಊರಿಂದ ಊರಿಗೆ ಲಾರಿ ಮೇಲೇ ಹೋಗ್ಬೇಕು. ಮತ್ತೆ ಇದರ ಕಾಳು ಬಿಡಿಸೋ ಡ್ರಮ್ ಹುಲ್ಲನ್ನ ಸುತ್ತಿ ಸುತ್ತಿ ಜಜ್ಜಿ ಬಿಡುತ್ತೆ.

ಈ ಹುಲ್ಲಿನ ವಿಷಯ ಸಣ್ಣದಲ್ಲ. ಮನೇಲಿ ಸೀಮೆ ಹಸು ಕಟ್ಟಿದೀವಿ, ಡೈರಿಗೆ ಹಾಲು ಹಾಕ್ತೀವಿ, ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ದನಕ್ಕೆ ಎಷ್ಟೋ ವಾಸಿ, ಸುಣ್ಣದ ಅಂಶಾನೂ ಜಾಸ್ತಿ. ಕೈಯಲ್ಲಿ ಕುಯ್ದು ಮೆದೆ ಹಾಕಿದ್ರೆ ವರ್ಷ ಪೂರ್ತಿ ಮೇವು. ಮಷಿನ್ ಒಂದಡಿ ಮೇಲೆ ಕೂಳೆ ಬಿಟ್ಟು ಕತ್ತರಿಸುತ್ತೆ, ಉಳಿದಿದ್ದನ್ನ ಮುರುಕಲು ಮಾಡಿ ಸಾಲಾಗಿ ಚೆಲ್ಲುತ್ತೆ, ಅದರ ಮೇಲೊಂದು ಮಳೆ ಬಿದ್ರೆ ಹಸು ಮೂಸೂ ನೋಡಲ್ಲ. ಅಕ್ಕಡಿ ಸಾಲೂ ಹೋಗುತ್ತೆ. ರಾಗಿ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳು ಬಿಡೋದು ನಮ್ಮ ತಾತನ ಕಾಲದಿಂದ ಬಂದಿದ್ದು, ರಾಗಿ ಕಟಾವಿನ ಹೊತ್ತಿಗೆ ಅವರೆ ಹೂವು ಕಾಯಿ ಆಗಿರುತ್ತೆ, ಮಷಿನ್ ಅದನ್ನೂ ಸೇರಿಸೇ ನುಂಗುತ್ತೆ. ಅದಕ್ಕೆ ಎರಡು ತುಂಡು ಹೊಲ ಅಕ್ಕಡಿ ಹಾಕಿ ಕೈ ಕುಯ್ಲಿಗೇ ಬಿಟ್ಟಿದೀವಿ, ಅದನ್ನ ಬಿಡೋ ಮನಸ್ಸು ನನಗಿಲ್ಲ.

ಟ್ರಾಕ್ಟರ್ ಮೇಲೆ ಕೂರಿಸೋ ಮಷಿನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 50 ಎಚ್‌ಪಿ ಮೇಲಿನ ಟ್ರಾಕ್ಟರ್ ಬೇಕು, ಕೂರಿಸೋಕೆ ಇಳಿಸೋಕೆ ಚೈನ್ ಪುಲ್ಲಿ ಜನ ಎಲ್ಲಾ ಬೇಕು, ಒಂದ್ಸಲ ಕೂರಿಸಿದ್ರೆ ಸುಗ್ಗಿ ಮುಗಿಯೋವರೆಗೂ ಆ ಟ್ರಾಕ್ಟರ್ ಇನ್ಯಾವ ಕೆಲಸಕ್ಕೂ ಇಲ್ಲ. ರಾಗಿ ಎತ್ತಿದ ಮೇಲೆ ನೆಲದಲ್ಲಿ ಹಸಿ ಇರೋವಾಗ್ಲೇ ಮಾಗಿ ಉಳುಮೆ ಮಾಡ್ಬೇಕು, ಅದೇ ಟೈಮಿಗೆ ಟ್ರಾಕ್ಟರ್ ಸಿಕ್ಕಾಕ್ಕೊಂಡಿದ್ರೆ ಏನು ಬಂತು?

ಯಾವ ಮಷಿನ್ ಆದ್ರೂ ಒಂದು ಮಾತ್ರ ನೋಡ್ಲೇಬೇಕು, ಜರಡಿ ಮತ್ತೆ ಬ್ಲೋವರ್ ಗಾಳಿ. ಭತ್ತದ ಸಾವಿರ ಕಾಳು 20 ಗ್ರಾಂ ಮೇಲೆ ತೂಗಿದ್ರೆ ರಾಗಿದು 3 ಗ್ರಾಂ ಹತ್ರ ಅಷ್ಟೆ, ಭತ್ತ ಹೊಡೆದು ಬಂದ ಮಷಿನ್ ಅದೇ ಗಾಳೀಲಿ ರಾಗಿಗೆ ಬಿಟ್ರೆ ಕಾಳೆಲ್ಲ ಹೊಟ್ಟಿನ ಜೊತೆ ಹೊರಗೆ ಹೋಗುತ್ತೆ. ನಾನು ಹಿಂದೆ ನಡ್ಕೊಂಡು ಹೋಗಿ ಹೊಟ್ಟು ಬೀಳೋ ಕಡೆ ಮೊರ ಒಡ್ಡಿ ಹಿಡಿದೆ, ಊದಿ ನೋಡಿದ್ರೆ ಮೊರದ ತಳದಲ್ಲಿ ಕೆಂಪಗೆ ರಾಗಿ. ಡ್ರೈವರ್‌ಗೆ ತೋರಿಸಿದ ಮೇಲೆ ಗಾಳಿ ಕಮ್ಮಿ ಮಾಡಿದ, ಹೊಟ್ಟು ಸ್ವಲ್ಪ ಜಾಸ್ತಿ ಬಂತು, ಬರ್ಲಿ, ತೂರ್ಕೋಬಹುದು. ಅದಕ್ಕೂ ಮುಂಚೆ ಹೊಡೆದಿದ್ದ ಪಟ್ಟೀಲಿ ಮುಂದಿನ ಮಳೆಗೆ ಮಷಿನ್ ಹೋದ ದಾರೀಲೇ ರಾಗಿ ಪೈರು ಹಸಿರು ಗೆರೆ ಎಳೆದಂಗೆ ಹುಟ್ಟಿತ್ತು, ಅಷ್ಟೂ ನಮ್ಮ ಕಾಳು. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ ಇರೋವಾಗ ಅದನ್ನ ಮಣ್ಣಿಗೆ ಬಿಡೋಕಾಗುತ್ತಾ? ಮತ್ತೆ ಮಂಜು ಆರೋವರೆಗೂ ಮಷಿನ್ ಇಳಿಸ್ಬೇಡಿ, ಖರೀದಿ ಕೇಂದ್ರದಲ್ಲಿ ತೇವಾಂಶ 12 ಪರ್ಸೆಂಟ್ ದಾಟಿದ್ರೆ ತಗೊಳಲ್ಲ, ಮಷಿನ್ ರಾಗಿನ ಹೇಗಿದ್ರೂ ಕಣದಲ್ಲಿ ಹರವಿ ಒಣಗಿಸ್ಲೇಬೇಕು.

ಇನ್ನು ಕೊಳ್ಳೋ ವಿಚಾರ. ಚೈನ್ ಮಷಿನ್ 20 ಲಕ್ಷ ದಾಟುತ್ತೆ, ನಮ್ಮ ರಾಗಿ ಸುಗ್ಗಿ ಇರೋದೇ ತಿಂಗಳು ಒಂದೂವರೆ ತಿಂಗಳು. ತಮಿಳುನಾಡಿಂದ ಮಷಿನ್ ತರೋರು ಇಲ್ಲಿ ಮುಗಿಸಿ ಇನ್ನೊಂದು ಕಡೆ ಭತ್ತಕ್ಕೆ ಹೋಗ್ತಾರೆ, ಅವರಿಗೆ ಗಿಟ್ಟುತ್ತೆ, ಹಸು ಕಟ್ಕೊಂಡು ಊರಲ್ಲೇ ಇರೋ ನಮಗೆ ಗಿಟ್ಟಲ್ಲ.

ಟ್ರಾಕ್ಟರ್‌ನಲ್ಲಿ 47 ಎಚ್‌ಪಿದು ಹಿಂದಿನ ಎರಡು ಚಕ್ರ ಮಾತ್ರ ಎಳೆಯೋದು, 55 ಎಚ್‌ಪಿದು ನಾಲ್ಕೂ ಚಕ್ರ ಎಳೆಯೋ ಫೋರ್ ವೀಲ್, ಎರಡನ್ನೂ ನಮ್ಮ ಹೊಲದಲ್ಲೇ ಮಣ್ಣು ಪುಡಿ ಮಾಡೋ ರೋಟವೇಟರ್ ಕಟ್ಟಿ ಓಡಿಸಿದೆ. ದೊಡ್ಡದರ ಎಳೆತ ಚೆನ್ನಾಗಿದೆ, ಜಾರಲ್ಲ, ಆದ್ರೆ ನಮ್ಮ ಕೆಂಪು ಮಣ್ಣಿಗೆ ಅಷ್ಟು ಬೇಕಿಲ್ಲ, ತೆಂಗಿನ ಸಾಲಲ್ಲಿ ತಿರುಗಿಸೋದೂ ಕಷ್ಟ. ಅಲ್ಲದೆ 2023 ಜನವರಿಯಿಂದ 50 ಎಚ್‌ಪಿ ದಾಟಿದ ಟ್ರಾಕ್ಟರ್‌ಗೆ ಟ್ರೆಮ್-4 ಹೊಗೆ ನಿಯಮ ಬಂತಲ್ಲ, ರೇಟೂ ಏರಿದೆ, ಸೆನ್ಸರ್ ಕೈ ಕೊಟ್ರೆ ಊರಿನ ಮೆಕ್ಯಾನಿಕ್ ಕೈಯಲ್ಲಿ ಆಗಲ್ಲ. 47ರದ್ದು ಟ್ರೇಲರ್, ರೋಟವೇಟರ್, ಹುಲ್ಲು ಸುತ್ತಿ ಕಟ್ಟೋ ಚಿಕ್ಕ ರೌಂಡ್ ಬೇಲರ್ ಮೂರಕ್ಕೂ ಸಾಕು. 2025 ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿರೋದು ದೊಡ್ಡ ಅನುಕೂಲ, ಕೊಟೇಶನ್ ತಗೊಳೋವಾಗ 5 ಅಂತಲೇ ಹಾಕಿದಾರಾ ನೋಡ್ಕೊಳ್ಳಿ.

ಅಣ್ಣಂಗೆ ಈಗಲೂ ಟೈರ್ ಮಷಿನ್ ವೇಗದ ಮೇಲೇ ಕಣ್ಣು. ನಾನು 47 ಎಚ್‌ಪಿ ಟ್ರಾಕ್ಟರ್‌ಗೆ ಅಡ್ವಾನ್ಸ್ ಕೊಟ್ಟಾಯ್ತು, ಕಟಾವಿಗೆ ಚೈನ್ ಮಷಿನ್ ಬಾಡಿಗೆಗೇ, ದೀಪಾವಳಿಗೆ ಮುಂಚೆನೇ ಹೇಳಿಡ್ಬೇಕು, ರಾಗಿ ಜರಡಿ ಇದೆಯಾ ಅಂತ ಫೋನಲ್ಲೇ ಕೇಳ್ಬೇಕು. ಹುಲ್ಲಿಗೆ ಬೇಲರ್‌ನ ಪಕ್ಕದ ಹೊಲದೋರ ಜೊತೆ ಪಾಲಲ್ಲಿ ತರೋ ಮಾತಾಗಿದೆ, ಮಷಿನ್ ಹೋದ ಮಾರನೇ ದಿನವೇ ಸುತ್ತಿ ಒಳಗೆ ಹಾಕಿದ್ರೆ ಮಳೆಗೆ ಸಿಗಲ್ಲ.