ಹಾಲ್‌ಗೆ ಗೋಲ್ಡನ್ ಯೆಲ್ಲೋ: ಮೂರು ಮಳೆಗಾಲ ಕಳೆದ ಮೇಲೆ

ನಮ್ಮದು ಹನುಮಂತನಗರದಲ್ಲಿ ಥರ್ಟಿ ಫಾರ್ಟಿ ಸೈಟಿನ ಮನೆ. ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆ ಗೋಡೆ ಸಿಗುತ್ತದೆ. ಹಾಲ್‌ನ ಕಿಟಕಿ ಉತ್ತರಕ್ಕಿದೆ. ಹಳೇ ಬೂದುಬಿಳಿ ಬಣ್ಣದಲ್ಲಿ ಮಟಮಟ ಮಧ್ಯಾಹ್ನವೂ ಹಾಲ್ ಮಂಕಾಗಿರುತ್ತಿತ್ತು. ಹಾಗಾಗಿ ಹಾಲ್‌ನ ಎರಡು ಗೋಡೆಗೆ ಮತ್ತು ಒಂದು ರೂಮಿನ ನಾಲ್ಕೂ ಗೋಡೆಗೆ ಬೆಚ್ಚಗಿನ ಗೋಲ್ಡನ್ ಯೆಲ್ಲೋ ಹೊಡೆಸಿದೆವು. ಪ್ರೀಮಿಯಂ ಎಮಲ್ಷನ್, ಹೊಳಪಿಲ್ಲದ ಮ್ಯಾಟ್ ಫಿನಿಶ್. ಹಾಲ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ರೂಮಿಗೆ ಎರಡು.

ಹಳದಿ ಹೊಡೆಸಿದರೆ ಮನೆಗೆ ಬೆಳಕು ಜಾಸ್ತಿ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಾಗೇನಿಲ್ಲ. ಬಿಳಿ ಗೋಡೆಯೇ ಹೆಚ್ಚು ಬೆಳಕನ್ನು ವಾಪಸ್ ಕೊಡುವುದು. ಆದರೆ ಉತ್ತರದ ಕಿಟಕಿಯ ಬೆಳಕಿನಲ್ಲಿ ಒಂದು ತಣ್ಣನೆಯ ನೀಲಿ ಛಾಯೆ ಇರುತ್ತದೆ. ಹಳದಿ ಗೋಡೆ ಅದನ್ನು ನುಂಗಿಬಿಡುತ್ತದೆ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಬೇಸಿಗೆಯ ಕತೆ ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಸೂರ್ಯ ಸರಿಯಾಗಿ ನೆತ್ತಿಗೇ ಬಂದು ನೆರಳು ಕಾಲಡಿಗೆ ಸೇರುವ ಶೂನ್ಯ ನೆರಳಿನ ದಿನ ಬರುತ್ತದಲ್ಲ, ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳಲ್ಲಿ ಬೆಳಿಗ್ಗೆ ಓರೆ ಬಿಸಿಲು ನಮ್ಮ ಕಿಟಕಿಗೂ ಬೀಳುತ್ತದೆ. ಆಗ ಆ ಗೋಡೆ ಸ್ವಲ್ಪ ಜೋರಾಗಿಯೇ ಕಾಣುತ್ತದೆ. ಒಂದು ಪರದೆ ಇಳಿಬಿಟ್ಟರೆ ಸಾಕು.

ರೂಮಿನದು ಇನ್ನೊಂದು ತೊಂದರೆ. ಹಳದಿ ಗೋಡೆಯಿಂದ ಎದ್ದ ಬೆಳಕು ಎದುರಿನ ಹಳದಿ ಗೋಡೆಗೇ ಹೋಗಿ ಬೀಳುತ್ತದೆ, ಮತ್ತೆ ಇಲ್ಲಿಗೇ ಬರುತ್ತದೆ. ಹೀಗೆ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಶೇಡ್ ಕಾರ್ಡ್‌ನಲ್ಲಿ ಮೆತ್ತಗಿದ್ದದ್ದು ಹತ್ತಕ್ಕೆ ಹತ್ತರ ರೂಮಿನಲ್ಲಿ ಅರಿಶಿನದ ಡಬ್ಬಿಯೊಳಗೆ ಮಲಗಿದ ಹಾಗೆ ಅನ್ನಿಸುತ್ತದೆ. ನಾಲ್ಕೂ ಗೋಡೆಗೆ ಇದೇ ಬೇಕು ಅನ್ನುವವರು ಕಾರ್ಡಿನಲ್ಲಿ ಎರಡು ಚೌಕ ಮೇಲಿನ ತಿಳಿ ಶೇಡ್ ತೆಗೆದುಕೊಳ್ಳಿ. ಸೀಲಿಂಗ್ ಮಾತ್ರ ಬಿಳಿಯೇ ಇರಲಿ.

ವರ್ಕ್ ಫ್ರಮ್ ಹೋಮ್ ಇರುವವರಿಗೂ ಒಂದು ಮಾತು. ಹಳದಿ ಗೋಡೆಗೆ ಮುಖ ಮಾಡಿ ಕೂತರೆ ವಿಡಿಯೋ ಕಾಲ್‌ನಲ್ಲಿ ಕಾಮಾಲೆ ಬಂದವರ ಹಾಗೆ ಕಾಣುತ್ತೀರಿ. ಸೀರೆಗೆ ಬ್ಲೌಸ್ ಪೀಸ್ ಮ್ಯಾಚ್ ಮಾಡುವುದಕ್ಕೆ ನಮ್ಮತ್ತೆ ಇವತ್ತಿಗೂ ಬಾಲ್ಕನಿಗೇ ಹೋಗುತ್ತಾರೆ.

ಬಲ್ಬಿನ ವಿಷಯ ಬಣ್ಣದಷ್ಟೇ ಮುಖ್ಯ. ಮೊದಲು ಹಾಲ್‌ನಲ್ಲಿ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಬೆಚ್ಚನೆಯ ಹಳದಿ) ಬೆಳ್ಳನೆಯ ಎಲ್‌ಇಡಿ ಇತ್ತು. ರಾತ್ರಿ ಗೋಡೆ ಹಸಿರು ಹಸಿರಾಗಿ, ಸಪ್ಪೆಯಾಗಿ ಕಾಣುತ್ತಿತ್ತು. 3000 ಕೆಲ್ವಿನ್ ಹಾಕಿದ ಮೇಲೆ ಬಣ್ಣಕ್ಕೆ ಜೀವ ಬಂತು. ನವರಾತ್ರಿಯಲ್ಲಿ ಈ ಗೋಡೆಯ ಮುಂದೆ ಗೊಂಬೆ ಕೂರಿಸಿದರೆ ಪಟ್ಟದ ಗೊಂಬೆಗಳ ಕೆಂಪು, ಹಸಿರು ಎದ್ದು ಕಾಣುತ್ತದೆ, ಅದಕ್ಕೇ ಅರ್ಧ ಅಂಕ ಜಾಸ್ತಿ ಕೊಟ್ಟೆ ಅಂದುಕೊಳ್ಳಿ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಂತೆ ರೆಡ್ ಆಕ್ಸೈಡ್ ನೆಲ ಇದ್ದರಂತೂ ಕೇಳುವುದೇ ಬೇಡ. ನಮ್ಮದು ಬೆಳ್ಳನೆಯ ವಿಟ್ರಿಫೈಡ್ ಟೈಲ್ಸ್, ಆ ಭಾಗ್ಯ ಇಲ್ಲ.

ಖರ್ಚು ಸ್ವಲ್ಪ ಜಾಸ್ತಿ. "ಮೇಡಂ, ಹಳದಿ ಎರಡು ಕೋಟ್‌ಗೆ ನಿಲ್ಲಲ್ಲ" ಅಂತ ಪೇಂಟರ್ ಮೊದಲೇ ಹೇಳಿದ್ದರು. ಕೂಲಿ ಏರಿಸುವ ಮಾತು ಅಂದುಕೊಂಡಿದ್ದೆ, ಆದರೆ ನಿಜ. ಗಾಢ ಬಣ್ಣಗಳನ್ನು ಮಿಕ್ಸ್ ಮಾಡುವ ಬೇಸ್‌ನಲ್ಲಿ ಟೈಟೇನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಕಡಿಮೆ ಇರುತ್ತದೆ. ಕೆಳಗಿನದನ್ನು ಮುಚ್ಚುವ ಶಕ್ತಿ ಅದರದ್ದೇ. ಹೊಳೆಯುವ ಹಳದಿ ವರ್ಣದ್ರವ್ಯಗಳು ತಾವಾಗಿ ಅಷ್ಟೊಂದು ಮುಚ್ಚುವುದಿಲ್ಲ. ಹಳೇ ಗೋಡೆ ನೀಲಿಯಾಗಿದ್ದರೆ ಬಿಳಿ ಪ್ರೈಮರ್ ಬಿಟ್ಟು ಮುಂದೆ ಹೋಗಬೇಡಿ, ಹಸಿರು ಇಣುಕುತ್ತದೆ. ಕಾವಿಮಣ್ಣಿನ ಕಡೆಗೆ ವಾಲುವ ಹಳದಿಯಲ್ಲಿ ಸಾಮಾನ್ಯವಾಗಿ ಐರನ್ ಆಕ್ಸೈಡ್ ಇರುತ್ತದೆ. ಅದು ಚೆನ್ನಾಗಿ ಮುಚ್ಚುತ್ತದೆ, ಬಿಸಿಲಿಗೂ ಅಷ್ಟು ಬೇಗ ಮಾಸುವುದಿಲ್ಲ. ನಾವು ತೆಗೆದುಕೊಂಡದ್ದು ಹೊಳಪಿನ ಕಡೆಯದು. ಕಿಟಕಿ ಪಕ್ಕದಲ್ಲಿ ಕ್ಯಾಲೆಂಡರ್ ತೆಗೆದರೆ ಹಿಂದೆ ಒಂದು ಗಾಢ ಚೌಕ ಕಾಣುತ್ತದೆ.

ಹಳೇ ಮನೆಯವರು ಒಂದು ವಿಷಯ ಗಮನಿಸಿ. ಹಿಂದಿನ ಕಾಲದ ಗಾಢ ಹಳದಿ ಪೇಂಟುಗಳಲ್ಲಿ ಸೀಸದ ಕ್ರೋಮೇಟ್ ಅನ್ನುವ ವಿಷಕಾರಿ ವರ್ಣದ್ರವ್ಯ ಬಳಸುತ್ತಿದ್ದರು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪೇಂಟನ್ನು, ಅದರಲ್ಲೂ ಕಿಟಕಿ ಬಾಗಿಲಿನ ಎನಾಮೆಲ್ಲನ್ನು, ಒಣದಾಗಿ ಉಜ್ಜಿಸಬೇಡಿ. ನೀರು ಹಾಕಿ ಉಜ್ಜಿಸಿ. ಆ ಹೊತ್ತಲ್ಲಿ ಮಕ್ಕಳು ಅಲ್ಲಿರದಿದ್ದರೆ ಒಳ್ಳೆಯದು.

ಮ್ಯಾಟ್ ಆದ್ದರಿಂದ ಗೋಡೆಯ ಉಬ್ಬುತಗ್ಗು ಎದ್ದು ಕಾಣಲ್ಲ. ಆದರೆ ಸ್ವಿಚ್ ಬೋರ್ಡ್ ಸುತ್ತ ಕೈಕಲೆ ಒರೆಸಿ ಒರೆಸಿ ಅಲ್ಲಿ ಮಾತ್ರ ಹೊಳಪು ಬಂದಿದೆ. ಟಚಪ್ ಮಾಡಿಸಿದರೆ ಹೊಸದು ತೇಪೆ ಹಾಕಿದ ಹಾಗೆ ಕಾಣುತ್ತದೆ, ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನೇ ಹೊಡೆಸಬೇಕು. ಮುಂದಿನ ಸಲ ಹಾಲ್‌ಗೆ ಇದೇ ಬಣ್ಣ, ಕಾವಿಯ ಕಡೆಗೆ ಸ್ವಲ್ಪ ವಾಲಿದ್ದು. ರೂಮಿಗೆ ಆಫ್‌ವೈಟ್.